ಬಟ್ಟಲ ತಳದ ಸಾಣೆ

ಇದನ್ನು ನಾನು ಹೇಳಹೊರಟಿರುವುದಕ್ಕೆ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಅವತ್ತು ಆ ಹೋಟೆಲಿನಲ್ಲಿ ಹೈಸ್ಕೂಲಿನ ಹೆಡ್ ಮೇಷ್ಟ್ರು ಕೂತಿದ್ದರು, ಇಬ್ಬರು ವಕೀಲರಿದ್ದರು, ಭಾಷಣ ಮಾಡಬಲ್ಲವರು ಹತ್ತಾರು ಜನ ಇದ್ದರು. ಅವರಲ್ಲಿ ಯಾರಾದರೂ ಬರೆಯಲಿ ಎಂದು ಎರಡು ವರ್ಷ ಕಾದೆ. ಯಾರೂ ಬರೆಯಲಿಲ್ಲ. ನಾನು ಓದಿದ್ದು ಏಳನೇ ತರಗತಿಯವರೆಗೆ, ಅದೂ ಸಂಜೆ ಶಾಲೆಯಲ್ಲಿ, ಮೂವತ್ತು ದಾಟಿದ ಮೇಲೆ. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಉತ್ಪ್ರೇಕ್ಷೆ ಬಾರದಂತೆ ಎಚ್ಚರ ವಹಿಸಿದ್ದೇನೆ. ಆದರೂ ಎಲ್ಲೋ ನನ್ನನ್ನೇ ಹೊಗಳಿಕೊಂಡ ಹಾಗೆ ಕಂಡರೆ ದಯವಿಟ್ಟು ಆ ಸಾಲು ಬಿಟ್ಟು ಓದಿ.

ನಮ್ಮ ಊರಿನಲ್ಲಿ ಅಲಗು ತನ್ನನ್ನು ಸಾಣೆ ಹಿಡಿದ ಕೈಗೆ ಮಾತ್ರ ಕೊಯ್ಯುತ್ತದೆ. ಬೇರೆ ಊರುಗಳಲ್ಲಿ ಹೇಗೋ ನನಗೆ ತಿಳಿಯದು. ನಮ್ಮಲ್ಲಿ ಅತ್ತೆಯ ಈಳಿಗೆಮಣೆಯಲ್ಲಿ ಸೊಸೆ ಬದನೆಕಾಯಿ ಹೆಚ್ಚಲಾರಳು. ಮದುವೆಯಾಗಿ ಬರುವಾಗ ತನ್ನದನ್ನು ತಾನೇ ಸಾಣೆ ಹಿಡಿದು ತರುತ್ತಾಳೆ. ಅಂಗಡಿಯಲ್ಲಿ ಚಾಕುಗಳನ್ನು ಮೊಂಡಾಗಿಯೇ ಮಾರುತ್ತಾರೆ. ನೆಂಟರ ಮನೆಗೆ ಊಟಕ್ಕೆ ಹೋಗುವವರು ಸೊಂಟದಲ್ಲೋ ಕೈಚೀಲದಲ್ಲೋ ತಮ್ಮ ಚಾಕು ಇಟ್ಟುಕೊಂಡೇ ಹೋಗುತ್ತಾರೆ. ಅಪ್ಪ ತೀರಿಕೊಂಡರೆ ಹನ್ನೊಂದನೆಯ ದಿನ ಮಗ ಅಪ್ಪನ ಕತ್ತಿಯನ್ನು ಕಲ್ಲಿಗೆ ಹಿಡಿಯುತ್ತಾನೆ. ಅಲ್ಲಿಯವರೆಗೆ ತಡೆದುಕೊಂಡವರೂ ಆ ಸದ್ದು ಕೇಳಿದಾಗ ಅಳುತ್ತಾರೆ. ಏಳು ವರ್ಷ ತುಂಬಿದ ಮಕ್ಕಳನ್ನು ಸಾಣೆಕಲ್ಲಿನ ಮುಂದೆ ಕೂರಿಸುತ್ತಾರೆ. ಸಾಮಾನ್ಯವಾಗಿ ಒಂದು ವಾರದಲ್ಲಿ ಕಲಿಯುತ್ತಾರೆ.

ನಾನು ಕಲಿಯಲಿಲ್ಲ. ನಾನು ಹಿಡಿದ ಚಾಕು ಬೆಣ್ಣೆಯನ್ನೂ ಬರಿದೇ ತಳ್ಳಿಕೊಂಡು ಹೋಗುತ್ತಿತ್ತು. ಅಂಥವರಿಗೆ ನಮ್ಮೂರಿನಲ್ಲಿ ಮೊಂಡುಗೈ ಎನ್ನುತ್ತಾರೆ. ಅವ್ವ ಇರುವಷ್ಟು ದಿನ ಎಲ್ಲವನ್ನೂ ಹೆಚ್ಚಿಕೊಟ್ಟಳು. ಅವ್ವ ಹೋದ ಮೇಲೆ ಕೈಯಲ್ಲಿ ಮುರಿಯಬಹುದಾದ ತರಕಾರಿಗಳನ್ನು ಮಾತ್ರ ತಂದೆ. ಹುರುಳಿಕಾಯಿ ಮುರಿದೆ, ಸೊಪ್ಪು ಹರಿದೆ, ಈರುಳ್ಳಿಯನ್ನು ಗುಂಡುಕಲ್ಲಿನಿಂದ ಜಜ್ಜಿದೆ. ಸಂಜೆ ಶಾಲೆಯ ಜಗಲಿಯಲ್ಲಿ ವಯಸ್ಕರಿಗೂ ಒಂದು ಸಾಣೆ ತರಗತಿ ಇತ್ತು. ಅಲ್ಲಿಗೂ ಸೇರಿದೆ. ಮೂರನೆಯ ದಿನ ಪಕ್ಕದವಳು, "ಇವಳ ಕೈಗೆ ಕಲ್ಲೇ ಮೊಂಡಾಗೋಯ್ತಲ್ಲೇ," ಎಂದಳು. ಜಗಲಿಯೆಲ್ಲ ನಕ್ಕಿತು. ಅವತ್ತಿನಿಂದ ಬರೀ ಓದು ಬರಹದ ತರಗತಿಗೆ ಹೋದೆ.

ಆದರೆ ಅದನ್ನು ಪೂರ್ತಿ ಬಿಡಲೂ ಇಲ್ಲ. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ. ಕಲ್ಲು ತಂದರೆ ಸದ್ದಿಗೆ ನೆರೆಯವರಿಗೆ ಗೊತ್ತಾಗುತ್ತದೆ. ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿದರೆ ತಳದಲ್ಲಿ ಹೊಳಪಿಲ್ಲದ ಒಂದು ಒರಟು ಬಳೆ ಇರುತ್ತದೆ. ಒಂದು ದಿನ ಪಾತ್ರೆ ತೊಳೆಯುವಾಗ ಅದು ಬೆರಳಿಗೆ ತರಚಿತು. ಮಾರನೆಯ ಬೆಳಿಗ್ಗೆ ಅವ್ವನ ಚಾಕನ್ನು ಅದರ ಮೇಲೆ ಮೆಲ್ಲಗೆ ಎಳೆದೆ. ಆಮೇಲೆ ದಿನಾ ಬೆಳಿಗ್ಗೆ, ಕಾಫಿ ಕುಡಿದ ಬಟ್ಟಲನ್ನು ತೊಳೆದು ಬೋರಲು ಹಾಕಿ ಆ ಕಡೆಗೆ ಇಪ್ಪತ್ತು, ಈ ಕಡೆಗೆ ಇಪ್ಪತ್ತು ಸಲ ಎಳೆದು, ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಡುತ್ತಿದ್ದೆ. ಹನ್ನೊಂದು ತಿಂಗಳು ಹೀಗೆ ಮಾಡಿದೆ. ಕೊಯ್ಯುತ್ತದೋ ಇಲ್ಲವೋ ಎಂದು ಒಂದು ದಿನವೂ ಪರೀಕ್ಷಿಸಲಿಲ್ಲ. ಪರೀಕ್ಷಿಸಿದರೆ ಗೊತ್ತಾಗಿಬಿಡುತ್ತದಲ್ಲ.

ನಾನು ಕೆಲಸ ಮಾಡುತ್ತಿದ್ದುದು ಚೌರಪ್ಪ ಮಾಸ್ಟರ ಟೈಲರ್ ಅಂಗಡಿಯಲ್ಲಿ. ಹೊಲಿಯುವುದು, ಕಾಜಾ ಮಾಡುವುದು, ಗುಂಡಿ ಹಾಕುವುದು. ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದೆ. ನನ್ನ ಮುಂದಿನ ಹಲ್ಲಿನಲ್ಲಿ ಈಗಲೂ ದಾರದಷ್ಟೇ ಅಗಲದ ಕಚ್ಚು ಇದೆ. ಮಾಸ್ಟರು ನನ್ನನ್ನು ಚಿಕ್ಕತಾಯಿ ಎಂದು ಹೆಸರು ಹಿಡಿದೇ ಕರೆದರು, ಎಂದೂ ಮೊಂಡುಗೈ ಅನ್ನಲಿಲ್ಲ. ಹದಿನಾಲ್ಕು ವರ್ಷ, ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ನನ್ನ ಸೌತೆಕಾಯಿಯನ್ನು ಕೇಳದೆಯೇ ಎತ್ತಿಕೊಂಡು, ತಮ್ಮ ಚಾಕಿನಲ್ಲಿ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ನನ್ನ ಕಡೆ ನೋಡದೆ ವಾಪಸ್ ಇಡುತ್ತಿದ್ದರು. ಆಗ ಬೇರೆ ಏನಾದರೂ ಮಾತಾಡುತ್ತಿದ್ದರು. ಹವೆ, ಗಿರಾಕಿ, ಇಗರ್ಜಿಯ ಗಂಟೆ ಕೆಟ್ಟಿದ್ದು.

ಆ ಹೋಟೆಲಿನ ಸಂಜೆಗೆ ಒಂದು ವರ್ಷ ಮೊದಲು ಮಾಸ್ಟರ ಬಲಗೈ ನಡುಗಲು ಶುರುವಾಯಿತು. ನಡುಗುವ ಕೈ ಸಾಣೆ ಹಿಡಿಯಲಾರದು. ಕತ್ತರಿಸುವ ಕೆಲಸವೆಲ್ಲ ರಂಗಧಾಮನಿಗೆ ಹೋಯಿತು. ಅವನು ನನಗಿಂತ ಎಂಟು ವರ್ಷ ಚಿಕ್ಕವನು, ಕೈ ಬಹಳ ಹರಿತ, ನಾಲಿಗೆ ಅದಕ್ಕಿಂತ ಹರಿತ. ಅವನ ಕತ್ತರಿ ನೀರಿನಲ್ಲಿ ಮೀನು ಹೋದ ಹಾಗೆ ಹೋಗುತ್ತಿತ್ತು. ಆದರೆ ಅವನು ಅಳತೆಯಲ್ಲಿ ಒರಟ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದನ್ನು ಮಾಸ್ಟರು ನನಗೆ ಕೊಟ್ಟರು. ಮನುಷ್ಯ ಬಾಗಿಲಲ್ಲಿ ಬಂದು ನಿಂತರೆ ಅವನ ಭುಜ ಎಷ್ಟಿಂಚು ಎಂದು ಟೇಪು ಹಿಡಿಯದೆ ಹೇಳಬಲ್ಲೆ. ಇದನ್ನು ಬರೆಯಲು ಸಂಕೋಚ, ಆದರೆ ನಿಜ.

ಮಾಸ್ಟರು ಬಿಡುತ್ತಾರೆ, ಕಟಿಂಗ್ ಮೇಜನ್ನು ಯಾರಿಗಾದರೂ ವಹಿಸುತ್ತಾರೆ ಎಂಬ ಸುದ್ದಿ ಹರಡಿತ್ತು. ಮೇಜು ಯಾರದೋ, ಅಂಗಡಿಯೂ ಅವರದೇ. "ಅಕ್ಕ, ನಾನ್ ಮೇಜು ಹಿಡಿದ್ ಮೇಲೆ ಗುರುತು ಹಾಕೋಕೆ ಬೇರೆಯವರು ಬೇಡ," ಎಂದು ರಂಗಧಾಮ ಮೊದಲೇ ಹೇಳಿಬಿಟ್ಟಿದ್ದ. "ಕುಯ್ಯೋನೇ ಗುರುತು ಹಾಕ್ಬೇಕು. ನೀನು ಕಾಜಾ ಮಾಡ್ಕೊಂಡು ಇರು, ನಾನೇನು ಹೊರಗೆ ಹಾಕಲ್ಲ." ಸೀಮೆಸುಣ್ಣ ಕೈಬಿಟ್ಟರೆ ನನ್ನಲ್ಲಿ ಉಳಿಯುವುದು ಹಲ್ಲಿನ ಕಚ್ಚು ಮಾತ್ರ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಆಗಲೇ ಗಡಿಯಾರ ಕಂಬದ ಎದುರಿಗೆ ಸ್ಟೇಕ್ ಹೌಸ್ ಎದ್ದದ್ದು. ಮಾಲೀಕರು ಬೇರೆ ಊರಿನವರು. ಒಂದು ತಟ್ಟೆ ಮಾಂಸಕ್ಕೆ ನಮ್ಮ ಅಂಗಡಿಯ ಮೂರು ಕೋಟಿನ ಹೊಲಿಗೆಯಷ್ಟು ಬೆಲೆ ಎಂದು ಕೇಳಿ ಊರೇ ಬಾಯಿ ಬಿಟ್ಟಿತು. ಬಾಯಿ ಬಿಟ್ಟುಕೊಂಡೇ ಹೋಗಿ ಮೊದಲ ದಿನದ ಜಾಗ ಕಾದಿರಿಸಲು ಸಾಲಿನಲ್ಲಿ ನಿಂತಿತು. ಅಲ್ಲಿನ ಬಡಿಸುವವರ ಕೋಟುಗಳೆಲ್ಲ ನಮ್ಮ ಅಂಗಡಿಯವು. "ನಮ್ ಕೋಟು ಓಡಾಡೋದನ್ನ ಒಂದ್ಸಲ ಕೂತ್ಕೊಂಡು ನೋಡ್ಬೇಕು," ಎಂದರು ಮಾಸ್ಟರು. "ಭಾನುವಾರ ಸಂಜೆ ಬಾಗಿಲು ತೆಗೀತಾರಂತೆ, ಮೂರು ಜನಾನೂ ಹೋಗೋಣ. ಊಟ ಆದ್ಮೇಲೆ ಮೇಜಿನ ವಿಷಯ ಹೇಳ್ತೀನಿ." ಹೇಳುವಾಗ ಅವರ ನೋಟ ಗೋಡೆಯ ಕಡೆಗಿತ್ತು. ಮೇಜು ರಂಗಧಾಮನಿಗೇ ಎಂದು ಅರ್ಥಮಾಡಿಕೊಂಡೆ.

ಹೋಟೆಲಿನ ಬಾಗಿಲಲ್ಲಿ ಒಂದು ಫಲಕ: ತಮ್ಮ ಚಾಕುಗಳನ್ನು ದಯವಿಟ್ಟು ಇಲ್ಲಿ ಇಟ್ಟು ಒಳಗೆ ಬನ್ನಿ. ಮಖಮಲ್ಲಿನ ಟ್ರೇಯಲ್ಲಿ ಆಗಲೇ ನಲವತ್ತು ಚಾಕುಗಳು ಸಾಲಾಗಿ ಮಲಗಿದ್ದವು. ಮಾಸ್ಟರು ತಮ್ಮದನ್ನು ಇಟ್ಟರು, ರಂಗಧಾಮ ಒರೆಗೆ ಮುತ್ತಿಕ್ಕಿ ಇಟ್ಟ. ಚೀಟಿ ಕೊಡುವವನು ನನ್ನ ಮುಖ ನೋಡಿದ. "ಅಕ್ಕಂದು ಇಲ್ಲ, ನಮ್ಮಕ್ಕ ಹಲ್ಲಲ್ಲೇ ಎಲ್ಲಾ ನಿಭಾಯಿಸ್ತಾಳೆ," ಎಂದ ರಂಗಧಾಮ. ಹಿಂದಿನವರು ನಕ್ಕರು.

ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ತನ್ನ ಚಾಕು ಕೊಟ್ಟು ಒಳಗೆ ಹೋದರೆ ಏನಾಗುತ್ತದೆ ಎಂದು ಏಳು ವರ್ಷದ ಮಗುವಿಗೂ ಗೊತ್ತಿರುವ ಊರು ನಮ್ಮದು. ಆದರೆ ಇಷ್ಟು ದುಬಾರಿ ಹೋಟೆಲಿನವರು ಏನೋ ಒಂದು ಉಪಾಯ ಮಾಡಿಯೇ ಇರುತ್ತಾರೆ, ಕೇಳಿದರೆ ತನ್ನ ದಡ್ಡತನ ಹೊರಬೀಳುತ್ತದೆ ಎಂದು ಪ್ರತಿಯೊಬ್ಬರೂ ತಮ್ಮ ತಮ್ಮೊಳಗೇ ಅಂದುಕೊಂಡರು.

ಒಳಗೆ ಮೇಜಿನ ಬಟ್ಟೆ ಬೆಳ್ಳಗಿತ್ತು, ಅಂಚಿನ ಹೊಲಿಗೆ ಮಾತ್ರ ಸೊಟ್ಟಗಿತ್ತು. ಮೊದಲು ಪಿಂಗಾಣಿ ಬಟ್ಟಲುಗಳಲ್ಲಿ ಸೂಪು ಬಂತು. ಆಮೇಲೆ ದೊಡ್ಡ ತಟ್ಟೆಯಲ್ಲಿ ಅಂಗೈಯಷ್ಟು ದಪ್ಪದ ಮಾಂಸದ ತುಂಡು, ಪಕ್ಕದಲ್ಲಿ ಎರಡು ಎಲೆ, ಕನ್ನಡಿಯಂತೆ ಹೊಳೆಯುವ ಚಾಕು. ಮಾಸ್ಟರು ತಲೆ ಬಗ್ಗಿಸಿ ಪ್ರಾರ್ಥನೆ ಮಾಡಿ ಶಿಲುಬೆ ಗುರುತು ಹಾಕಿಕೊಂಡರು. ನಾನು ಚಾಕು ಹಿಡಿದು ಒತ್ತಿದೆ. ಮಾಂಸ ತಗ್ಗಿತು, ಬಿಟ್ಟರೆ ಎದ್ದು ಕೂತಿತು. ನನಗೆ ಹೊಸದೇನೂ ಅನ್ನಿಸಲಿಲ್ಲ. ಚಾಕು ನನಗೆ ಯಾವತ್ತೂ ಹೀಗೇ. ಪಕ್ಕದ ಎಲೆಯನ್ನು ಹರಿದು ತಿನ್ನುತ್ತಾ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ರಂಗಧಾಮನ ಕಡೆ ನೋಡಿದೆ. ಅವನ ಹಣೆಯಲ್ಲಿ ಬೆವರು. ಚಾಕನ್ನು ಗರಗಸದ ಹಾಗೆ ಎಳೆಯುತ್ತಿದ್ದ. ಮಾಂಸಕ್ಕೆ ಗೀರೂ ಬಿದ್ದಿರಲಿಲ್ಲ. "ಹೇಗಿದೆಯಪ್ಪ?" ಎಂದೆ. "ಬೆಣ್ಣೆ ಕಣಕ್ಕ, ಬೆಣ್ಣೆ," ಎಂದು ಬರಿಯ ಫೋರ್ಕನ್ನು ಬಾಯಿಗಿಟ್ಟು ಅಗಿದ. ನಾನು ಕತ್ತೆತ್ತಿದೆ. ಇಡೀ ಹಜಾರದಲ್ಲಿ ನೂರು ಜನ ತಲೆ ಬಗ್ಗಿಸಿ, ಮೊಣಕೈ ಆಡಿಸುತ್ತಾ, ಏನೂ ಇಲ್ಲದ ಬಾಯನ್ನು ಅಗಿಯುತ್ತಿದ್ದರು. ಹೆಡ್ ಮೇಷ್ಟ್ರು ಪಕ್ಕದವರಿಗೆ, "ರುಚಿ ಬಹಳ ಸೂಕ್ಷ್ಮವಾಗಿದೆ," ಎನ್ನುತ್ತಿದ್ದರು. ಅವರ ತಟ್ಟೆಯ ತುಂಡು ಬಂದ ಹಾಗೇ ಇತ್ತು.

ಪಾಪದ ಮಾತೇ ಇರಬಹುದು, ಒಂದು ಕ್ಷಣ ನನಗೆ ಬಹಳ ಖುಷಿಯಾಯಿತು. ಊರಿಗೆ ಊರೇ ಮೊಂಡುಗೈಯಾಗಿ ಕೂತಿತ್ತು.

ಮೊದಲು ಬಾಯಿ ಬಿಟ್ಟವರು ಒಬ್ಬ ಹೆಂಗಸು. "ಅಲ್ರೀ, ಇದು ಯಾರ್ ಸಾಣೆ ಹಿಡಿದದ್ದು?" ಎಂದು ಕೂಗಿದರು. ಮ್ಯಾನೇಜರು ಓಡಿಬಂದ. "ಅಮ್ಮ, ಕಾರ್ಖಾನೆಯಲ್ಲೇ ಸಾಣೆ ಹಿಡಿದು ಬಂದಿದೆ. ಎಲ್ಲಾ ಕಡೆ ಕುಯ್ಯುತ್ತೆ." "ಕಾರ್ಖಾನೆಗೆ ಕೈ ಇದೆಯೇನಪ್ಪ?" ಎಂದು ಯಾರೋ ಕೇಳಿದರು. ನಮ್ಮ ಚಾಕು ನಮಗೆ ಕೊಡಿ ಎಂದರೆ, ಟ್ರೇಯನ್ನು ಬೀರುವಿನಲ್ಲಿಟ್ಟು ಮಾಲೀಕರು ಬೀಗದ ಕೈ ಕೊಂಡುಹೋಗಿದ್ದಾರೆ, ಬರುವುದು ಒಂಬತ್ತಕ್ಕೆ ಎಂದ. ಕೊನೆಗೆ, "ಅಡಿಗೆಯವರ ಹತ್ರ ತುಂಡು ಮಾಡಿಸಿ ಕೊಡ್ಲಾ?" ಎಂದ.

ಅಲ್ಲಿ ಅವನು ತಪ್ಪು ಮಾಡಿದ. ನಮ್ಮಲ್ಲಿ ಇನ್ನೊಬ್ಬರು ಹೆಚ್ಚಿಕೊಟ್ಟದ್ದನ್ನು ತಿನ್ನುವವರು ಹಸುಮಕ್ಕಳು ಮತ್ತು ನನ್ನಂಥವರು ಮಾತ್ರ. "ನಾನೇನು ಮೊಂಡುಗೈಯಾ ತುತ್ತು ಮಾಡಿಸ್ಕೊಂಡು ತಿನ್ನೋಕೆ?" ಎಂದು ರಂಗಧಾಮ ಎದ್ದು ನಿಂತ. ಎಲ್ಲ ಮೇಜುಗಳಿಂದಲೂ ಹೌದು ಹೌದು ಎಂದು ಕೇಳಿತು. ಹಸಿದುಕೊಂಡೇ ಮನೆಗೆ ಹೋಗುತ್ತೇವೆ, ತುಂಡು ಮಾಡಿಸುವುದು ಬೇಡ ಎಂದರು. ಹತ್ತು ಹನ್ನೆರಡು ಕುರ್ಚಿಗಳು ಹಿಂದಕ್ಕೆ ಸರಿದವು.

ಮಾಸ್ಟರು ಮಾತ್ರ ಏಳಲಿಲ್ಲ. ಅವರ ಕೈ ತಟ್ಟೆಯ ಪಕ್ಕದಲ್ಲಿ ನಡುಗುತ್ತಿತ್ತು, ಚಾಕು ತಟ್ಟೆಗೆ ತಾಗಿ ಕಿಣಿಕಿಣಿ ಅನ್ನುತ್ತಿತ್ತು. "ಬಿಡಮ್ಮ," ಎಂದರು ಮೆಲ್ಲಗೆ. "ನನಗೆ ಇನ್ಮೇಲೆ ಯಾವ ಚಾಕಾದ್ರೂ ಇಷ್ಟೇ. ಬೀಗ ತೆಗೆದು ನನ್ ಚಾಕು ಕೊಟ್ರೂ ಅಷ್ಟೇ. ಆರು ತಿಂಗಳಾಯ್ತು ಅದು ನನ್ ಮಾತು ಕೇಳಿ." ಹಾಗಾದರೆ ಈ ಆರು ತಿಂಗಳು ನನ್ನ ಸೌತೆಕಾಯಿ? ಆಗ ನೆನಪಾಯಿತು. ಈಚೆಗೆ ಅವರು ಸೌತೆಕಾಯಿಯನ್ನು ಮೇಜಿನ ಅಂಚಿಗೆ ಬಡಿದು, ಕೈಯಲ್ಲಿ ಮುರಿದು ಕೊಡುತ್ತಿದ್ದರು. ನಾನು ಅವಸರ ಇರಬೇಕು ಅಂದುಕೊಂಡಿದ್ದೆ.

ಆಮೇಲೆ ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಖಂಡಿತ ಮಾಡುತ್ತಿರಲಿಲ್ಲ, ನನ್ನ ಸ್ವಭಾವ ನನಗೆ ಗೊತ್ತು. ಸೂಪಿನ ಖಾಲಿ ಬಟ್ಟಲನ್ನು ಬೋರಲು ಹಾಕಿದೆ. ಚಾಕನ್ನು ತಳದ ಬಳೆಯ ಮೇಲೆ ಓರೆಯಾಗಿ ಇಟ್ಟು ಎಳೆದೆ. ಆ ಕಡೆಗೆ ಇಪ್ಪತ್ತು, ಈ ಕಡೆಗೆ ಇಪ್ಪತ್ತು. ಹಜಾರದ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಸಾಣೆಯ ಸದ್ದು ನಮ್ಮೂರಿನವರಿಗೆ ನಿದ್ದೆಯಲ್ಲೂ ಕೇಳುತ್ತದೆ. "ಏನ್ ಮಾಡ್ತಿದೀಯಕ್ಕ, ಮರ್ಯಾದೆ ಕಳೀಬೇಡ," ಎಂದ ರಂಗಧಾಮ. ನಾನು ಎಣಿಸುತ್ತಿದ್ದೆ.

ಇಪ್ಪತ್ತು ಮುಗಿಯಿತು. ಹನ್ನೊಂದು ತಿಂಗಳು ತಪ್ಪಿಸಿಕೊಂಡದ್ದು ನೂರು ಜನರ ಎದುರಿಗೆ ಬಂದು ನಿಂತಿತ್ತು. ಮಾಸ್ಟರ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ. ಕಣ್ಣು ಮುಚ್ಚಿಕೊಂಡೆ; ಇದನ್ನು ಮುಚ್ಚಿಡಲಾರೆ. ಚಾಕು ಇಟ್ಟೆ. ಒತ್ತಲಿಲ್ಲ, ಎಳೆದೆ ಅಷ್ಟೆ. ಏನೂ ತಡೆಯಲಿಲ್ಲ. ಹಾಗಾದರೆ ಜಾರಿಹೋಯಿತು ಅಂದುಕೊಂಡೆ. ಪಿಂಗಾಣಿಗೆ ಚಾಕು ತಾಗಿದ ಸದ್ದು ಕೇಳಿ ಕಣ್ಣು ಬಿಟ್ಟರೆ ಮಾಂಸ ಎರಡು ಹೋಳಾಗಿ ಮಲಗಿತ್ತು.

"ಕುಯ್ತು!" ಎಂದು ಕೂಗಿದ್ದು ನಾನಲ್ಲ, ಮಾಸ್ಟರು. ಅರವತ್ತೆಂಟು ವರ್ಷದ ಮನುಷ್ಯ ಕುರ್ಚಿಯಿಂದ ಎದ್ದು, "ಕುಯ್ತು ಕಣ್ರೋ! ನಮ್ ಚಿಕ್ಕತಾಯಿ ಕುಯ್ದ್ಲು!" ಎಂದು ಬಡಿಸುವವರಿಗೆಲ್ಲ ಕೇಳುವಂತೆ ಕೂಗಿದರು. ನಾನು ಎಂಟು ಹೋಳು ಮಾಡಿದೆ. ಒಂದೇ ಅಳತೆಯ ಎಂಟು. ತಟ್ಟೆಯನ್ನು ಅವರ ಕಡೆ ನೂಕಿದೆ. ಬೇರೆಯವರು ಹೆಚ್ಚಿಕೊಟ್ಟದ್ದನ್ನು ತಿನ್ನುತ್ತಾರೋ ಇಲ್ಲವೋ ಎಂದು ಹೆದರಿದ್ದೆ. ಅವರು ಫೋರ್ಕು ಚುಚ್ಚಿ ಬಾಯಿಗಿಟ್ಟುಕೊಂಡು, ನನ್ನ ಕಡೆ ನೋಡದೆ, "ಹೊರಗೆ ಗಾಳಿ ಎದ್ದಿದೆ ಅನ್ಸುತ್ತೆ," ಎಂದರು. ಸೌತೆಕಾಯಿ ಹೆಚ್ಚಿಕೊಡುವಾಗ ಮಾತಾಡುತ್ತಿದ್ದ ಹಾಗೆಯೇ.

ಹೊರಡಲು ಎದ್ದವರು ಕೂತರು. ಒಂದೊಂದಾಗಿ ಬಟ್ಟಲುಗಳು ಬೋರಲಾದವು. ನೂರು ಬಟ್ಟಲ ತಳದ ಮೇಲೆ ನೂರು ಚಾಕುಗಳನ್ನು ಒಟ್ಟಿಗೆ ಎಳೆದ ಸದ್ದು ಹೇಗಿತ್ತು ಎಂದು ಹೇಳಲು ನನ್ನ ಏಳನೇ ತರಗತಿ ಸಾಲದು. ಕಲ್ಲಿನ ಮೇಲೆ ಕಲಿತ ಕೈಗಳಿಗೆ ಆ ಸಣ್ಣ ಬಳೆ ಒಗ್ಗಲಿಲ್ಲ. ಒತ್ತಿ ಎಳೆದು ಜಾರಿಸುತ್ತಿದ್ದರು. "ಏಯ್ ಚಿಕ್ಕತಾಯಮ್ಮ, ಬಾ ಇಲ್ಲಿ, ನನ್ದು ನೋಡು," ಎಂದು ಆ ಮೇಜಿನಿಂದ, ಈ ಮೇಜಿನಿಂದ ಕರೆಯತೊಡಗಿದರು. ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆಯುವಷ್ಟೇ ಹಗುರ ಹಿಡಿಯಬೇಕು ಎಂದು ಮೇಜಿನಿಂದ ಮೇಜಿಗೆ ಹೋಗಿ ತೋರಿಸಿದೆ. ಸಂಜೆ ಶಾಲೆಯ ಜಗಲಿಯಲ್ಲಿ ನಕ್ಕವಳೂ ಇದ್ದಳು. ಅವಳ ಮಣಿಕಟ್ಟು ಹಿಡಿದು ಓರೆ ಸರಿಮಾಡಿದೆ. ಅವಳು ನನ್ನ ಗುರುತು ಹಿಡಿದಳು, ಸರಿಯಾಗಿ ಎಳೆದಳು. ಹೆಡ್ ಮೇಷ್ಟ್ರು ಮೂರು ಸಲ ತಪ್ಪಿದರು. "ತಪ್ಪಾದ್ರೆ ಹೊಡೆದುಹಾಕಿ ಮತ್ತೆ ಎಳೀರಿ ಸಾರ್," ಎಂದೆ. ಅಕ್ಷರ ತಪ್ಪಿದಾಗ ನಮ್ಮ ಸಂಜೆ ಶಾಲೆಯ ಮೇಷ್ಟ್ರು ನಮಗೆ ಹೇಳುತ್ತಿದ್ದ ಮಾತು ಅದು.

ಕೊನೆಗೆ ಎಲ್ಲರದೂ ಕೊಯ್ದಿತು. ಒಟ್ಟಿಗೆ ತಿಂದರು. ಸದ್ದು ನಿಂತಿತು. ನಾನೂ ನನ್ನ ಜಾಗಕ್ಕೆ ಬಂದು, ನಾನು ಹಿಡಿದ ಚಾಕಿನಿಂದ ನಾನೇ ಕೊಯ್ದ ನನ್ನ ಜೀವನದ ಮೊದಲ ತುಂಡನ್ನು ಬಾಯಿಗಿಟ್ಟೆ.

ಚೆನ್ನಾಗಿರಲಿಲ್ಲ. ಆರಿತ್ತು ಎಂಬುದು ಒಂದು. ಆದರೆ ಬಿಸಿಯಿದ್ದಾಗಲೂ ಅದು ರುಚಿ ಇದ್ದಿರಲಾರದು. ಕೋಟಿನ ಕಾಲರಿಗೆ ಹಾಕುವ ಕ್ಯಾನ್ವಾಸನ್ನು ನೆನೆಸಿ ಬೇಯಿಸಿದ ಹಾಗಿತ್ತು. ಉಪ್ಪಿಲ್ಲ, ಖಾರವಿಲ್ಲ. ಸುತ್ತ ನೋಡಿದೆ, ಎಲ್ಲರೂ ಅಗಿಯುತ್ತಿದ್ದರು, ಯಾರೂ ಹೇಳುತ್ತಿರಲಿಲ್ಲ. "ಸಪ್ಪೆ," ಎಂದೆ. ಅಷ್ಟು ಜೋರಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. "ಚಪ್ಪೆ ಅಂದ್ರೆ ಚಪ್ಪೆ!" ಎಂದರು ಮೊದಲು ಬಾಯಿ ಬಿಟ್ಟಿದ್ದ ಹೆಂಗಸು. ಹೆಡ್ ಮೇಷ್ಟ್ರು, "ಸೂಕ್ಷ್ಮವಲ್ಲ, ಶೂನ್ಯ," ಎಂದರು. ಇಡೀ ಹಜಾರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಷ್ಟು ಕೆಟ್ಟ ಊಟವನ್ನು ಅಷ್ಟು ಸಂತೋಷದಿಂದ ಉಂಡವರು ಇನ್ನೆಲ್ಲೂ ಇರಲಾರರು. ಮ್ಯಾನೇಜರು ಪಾಪ, ಮೂಲೆಯಲ್ಲಿ ನಿಂತು ತಾನೂ ಒಂದು ಬಟ್ಟಲನ್ನು ಬೋರಲು ಹಾಕಿಕೊಂಡು ಎಳೆಯುತ್ತಿದ್ದ.

ಒಂಬತ್ತಕ್ಕೆ ಚಾಕುಗಳನ್ನು ವಾಪಸ್ ಪಡೆದು ಹೊರಗೆ ಬಂದ ಮೇಲೆ, ಗಡಿಯಾರ ಕಂಬದ ಕೆಳಗೆ ಮಾಸ್ಟರು ಕೋಟಿನ ಒಳಜೇಬಿನಿಂದ ಕತ್ತರಿ ತೆಗೆದರು. ಅವರ ದೊಡ್ಡ ಕತ್ತರಿ. ಅದು ಆ ಜೇಬಿನಲ್ಲಿತ್ತು ಎಂದರೆ ಮನೆಯಿಂದಲೇ ತಂದಿದ್ದರು. "ರಂಗಧಾಮಂಗೆ ಕೊಡೋಣ ಅಂತ್ಲೇ ತಂದಿದ್ದು ಕಣಮ್ಮ, ಸುಳ್ಳು ಹೇಳಲ್ಲ," ಎಂದರು. "ಈಗ ನಿನಗೆ. ಮೊಂಡಾಗಿದೆ. ನಾಳೆ ಬೆಳಿಗ್ಗೆ ನೀನೇ ಹಿಡಿ." ರಂಗಧಾಮ ಕತ್ತರಿಯನ್ನೇ ನೋಡುತ್ತಾ, "ಗುರುತೂ ನೀನೇ, ಕುಯ್ಯೋದೂ ನೀನೇ. ನಾನೇನು ಕಾಜಾ ಮಾಡ್ಲಾ?" ಎಂದ. "ನೀನೂ ಕುಯ್ಯಪ್ಪ," ಎಂದೆ. "ಗುರುತು ಹಾಕೋದು ನಾನು ಹೇಳ್ಕೊಡ್ತೀನಿ." "ಹಲ್ಲಿಗೆ ಇನ್ಮೇಲೆ ರಜೆ ಕೊಡಕ್ಕ," ಎಂದ. ಅವನ ಮಟ್ಟಿಗೆ ಅದು ಒಪ್ಪಿಗೆ.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ, ಬೀದಿಯವರೆಲ್ಲ ನೋಡುವ ಹಾಗೆ ಕೂತು, ಬಟ್ಟಲ ತಳದಲ್ಲಿ ಆ ಕತ್ತರಿಯ ಎರಡೂ ಅಲಗು ಹಿಡಿದೆ. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ ನನ್ನದೇ ಗೆರೆಯ ಮೇಲೆ ನನ್ನದೇ ಕತ್ತರಿ ಓಡಿಸಿದೆ. ಭುಜದ ತಿರುವಿನಲ್ಲಿ ಒಂದು ನೂಲೂ ಆಚೀಚೆ ಹೋಗಲಿಲ್ಲ. ಮಧ್ಯಾಹ್ನ ಮಾಸ್ಟರು ಡಬ್ಬಿ ಬಿಚ್ಚಿದಾಗ ಅವರ ಮೂಲಂಗಿಯನ್ನು ಕೇಳದೆಯೇ ಎತ್ತಿಕೊಂಡೆ.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ತಿಳಿಯದು. ಅವ್ವನ ಚಾಕು ಗೂಡಿನಲ್ಲಿ ಬಟ್ಟೆ ಸುತ್ತಿಕೊಂಡು ಹಾಗೇ ಇದೆ. ಅವತ್ತಿನ ನಂತರ ಅದನ್ನು ನಾನು ಬಟ್ಟಲಿಗೆ ಹಿಡಿದಿಲ್ಲ, ಬಿಚ್ಚಿಯೂ ನೋಡಿಲ್ಲ. ಆ ಹನ್ನೊಂದು ತಿಂಗಳಲ್ಲಿ ಯಾವ ಬೆಳಿಗ್ಗೆಯಿಂದ ಅದು ನನ್ನ ಕೈಗೆ ಕೊಯ್ಯಲು ಸಿದ್ಧವಾಗಿತ್ತೋ, ಅಥವಾ ಕೊಯ್ದದ್ದು ಆ ಹೋಟೆಲಿನ ಚಾಕು ಮಾತ್ರವೋ, ನನಗೆ ಗೊತ್ತಿಲ್ಲ.